ಬಾಗಿಲ ಬಳಿಯ ಕುಣಿಯುವ ಫರ್ಸಿ

ಜಹೀರಾಬಾದಿನ ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿದ ಕೂಡಲೇ ಕಾಲಿಗೆ ಸಿಗುವ ಮೊದಲ ಫರ್ಸಿ ಕುಣಿಯುತ್ತದೆ. ಎಡಗಡೆ ತುಳಿದರೆ ಬಲಗಡೆ ಏಳುತ್ತದೆ, ಕಾಲು ತೆಗೆದರೆ ಠಕ್ ಅಂತ ಕೂರುತ್ತದೆ. ಕಲ್ಲು ಹಾಸುವವರ ಮನೆಯಲ್ಲೇ ಕುಣಿಯುವ ಕಲ್ಲಿದೆ ಅಂದರೆ ಊರವರು ನಗದೆ ಬಿಡುತ್ತಾರೆಯೇ? ಹೊಟ್ಟೆ ತುಂಬ ನಕ್ಕಿದ್ದಾರೆ. ಬಂದು ಹೋಗುವ ನೆಂಟರಿಗೆಲ್ಲ ಅದು ಗೊತ್ತು, ದಾಟಿಯೇ ಕಾಲಿಡುತ್ತಾರೆ. ಅಪ್ಪ ದಾಟುತ್ತಾರೆ, ತಮ್ಮ ದಾಟುತ್ತಾನೆ, ಅವ್ವ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡೂ ದಾಟುತ್ತಾಳೆ. ನಾನೊಬ್ಬಳೇ ದಾಟುವುದಿಲ್ಲ. ಬೇಕಂತಲೇ ಮೈಭಾರವನ್ನೆಲ್ಲ ಬಿಟ್ಟು ಅದರ ಮೇಲೆ ಕಾಲಿಟ್ಟು ಒಳಗೆ ಬರುತ್ತೇನೆ. ಅದು ನನಗೆ ಸಿಗಬೇಕಾಗಿದ್ದ ಕಲ್ಲು ಅನ್ನುವುದನ್ನು ಮನೆಯವರು ಮರೆಯಬಾರದು, ಅದಕ್ಕೆ.

ಅಪ್ಪ ತಾಂಡೂರಿನವರು. ತಾಂಡೂರು, ಬಶೀರಾಬಾದಿನ ಕಡೆ ನೆಲ ಅಗೆದರೆ ಮಣ್ಣಿಗಿಂತ ಮೊದಲು ಕಲ್ಲೇ ಸಿಗುತ್ತದೆ. ಪದರ ಪದರವಾಗಿ ಏಳುವ ಆ ನೀಲಿ, ಹಳದಿ ಹಾಸುಗಲ್ಲಿಗೇ ನಾವು ಫರ್ಸಿ ಅನ್ನುವುದು. ಮದುವೆಯಾದ ಮೇಲೆ ಅಪ್ಪ ಜಹೀರಾಬಾದಿಗೆ ಬಂದು ದೊಡ್ಡ ರಸ್ತೆಯ ಬದಿಗೆ ಫರ್ಸಿಯ ಅಂಗಡಿ ಹಾಕಿದರು. ತಾಂಡೂರಿನಿಂದ ಲಾರಿಯಲ್ಲಿ ಕಲ್ಲು ತರಿಸುವುದು, ಗೌಂಡಿಗಳನ್ನು ಕರೆದುಕೊಂಡು ಹೋಗಿ ಜನರ ಮನೆಯಲ್ಲಿ ಹಾಸಿಕೊಡುವುದು, ಇದೇ ನಮ್ಮ ಬದುಕು. ಅಪ್ಪನ ಮೊಣಕಾಲು ಸವೆದ ಮೇಲೆ ಅಂಗಡಿಯೂ ಗೌಂಡಿಗಳೂ ನನ್ನ ಕೈಗೆ ಬಂದವು. ಹೆಣ್ಣುಮಗಳು ಕಲ್ಲಿನ ಕೆಲಸ ಮಾಡಿಸುತ್ತಾಳಾ ಅಂತ ಮೂಗು ಮುರಿದವರ ಮನೆಗಳಲ್ಲೂ ಈಗ ನಾನು ಹಾಸಿದ ಫರ್ಸಿಯೇ ಇದೆ.

ತಾಂಡೂರಿನ ನಮ್ಮ ಓಣಿಯವರದು ಒಂದು ಪದ್ಧತಿ ಉಂಟು. ಮನೆಗೆ ಫರ್ಸಿ ಹಾಸುವಾಗ ಒಳಗಿನಿಂದ ಶುರು ಮಾಡಿ, ಕಡೆಯ ಕಲ್ಲನ್ನು ಬಾಗಿಲ ಬಳಿ ಇಡುತ್ತಾರೆ. ಆ ಕಡೆಯ ಕಲ್ಲಿಗೆ ಮಾತ್ರ ಕೊಡತಿಯ, ಅಂದರೆ ಮರದ ಸುತ್ತಿಗೆಯ ಪೆಟ್ಟು ಹಾಕುವುದಿಲ್ಲ. ಅರಿಶಿನ ಹಚ್ಚಿ, ಆ ಮನೆಯ ಹಿರೇಮಗುವನ್ನು ಬರಿಗಾಲಲ್ಲಿ ಅದರ ಮೇಲೆ ನಿಲ್ಲಿಸುತ್ತಾರೆ. ಮಗುವಿನ ಭಾರಕ್ಕೆ ಕಲ್ಲು ಗಾರೆಯಲ್ಲಿ ಕೂರಬೇಕು. ಕಲ್ಲು ಕೂಡಿಸುವುದು ಅನ್ನುತ್ತಾರೆ ಇದಕ್ಕೆ. ಹಾಗೆ ಕೂತ ಕಲ್ಲನ್ನು ಆಮೇಲೆ ಯಾರೂ ಎಬ್ಬಿಸಬಾರದು.

ನಮ್ಮ ಮನೆಗೆ ಅಪ್ಪ ಫರ್ಸಿ ಹಾಸಿದಾಗ ನನಗೆ ಎಂಟು ವರ್ಷ. ಹಿರೇಮಗಳು ನಾನೇ. ಬೆಳಗ್ಗೆ ಎದ್ದು ತಲೆಗೆ ಎರೆದುಕೊಂಡು, ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡು, ದೀಪಾವಳಿಗೆ ಅಂತ ಎತ್ತಿಟ್ಟಿದ್ದ ಲಂಗವನ್ನು ಹಟ ಮಾಡಿ ತೆಗೆಸಿ ಉಟ್ಟು, ಕಾಲು ತೊಳೆದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದೆ. ಗೌಂಡಿ ಕಲ್ಲಿಟ್ಟ, ಅಪ್ಪ ಅರಿಶಿನ ಹಚ್ಚಿದರು, ನಾನು ಕಾಲೆತ್ತಿದೆ. ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಅವಳ ಕಂಕುಳಲ್ಲಿ ತಮ್ಮ ಇದ್ದ. ಒಂದು ಮಾತೂ ಆಡದೆ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಅವನ ಎರಡೂ ರಟ್ಟೆ ಹಿಡಿದು ಕಲ್ಲಿನ ಮೇಲೆ ನಿಲ್ಲಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದರ ರುಚಿ ನನಗೆ ಅವತ್ತೇ ಗೊತ್ತಾದದ್ದು.

ತಮ್ಮನಿಗೆ ಆಗಿನ್ನೂ ವರ್ಷದ ಮೇಲೆ ಸ್ವಲ್ಪ. ಅವನಿಗೆ ಥಲಸೇಮಿಯಾ ಇದೆ ಅಂತ ದವಾಖಾನೆಯಲ್ಲಿ ಹೇಳಿ ಕೆಲವೇ ದಿನ ಆಗಿತ್ತು. ಮೈಯಲ್ಲಿ ಬೇಕಾದಷ್ಟು ರಕ್ತ ತಾನಾಗಿ ಆಗುವುದಿಲ್ಲ, ಎರಡು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸುತ್ತಲೇ ಇರಬೇಕು, ಬದುಕಿರುವ ತನಕ. ಕೂಸು ಹೂವಿನಷ್ಟು ಹಗುರ. ಕಲ್ಲು ಎಲ್ಲಿ ಕೂರಬೇಕು? ಒಂದು ಮೂಲೆ ಕೂತಿತು, ಇನ್ನೊಂದು ಮೂಲೆ ಏಳುತ್ತಲೇ ಉಳಿಯಿತು. ಗೌಂಡಿ ಕೊಡತಿ ಕೈಗೆತ್ತಿಕೊಂಡು ಅಪ್ಪನ ಮುಖ ನೋಡಿದ. ಅಪ್ಪ ಬೇಡ ಅಂತ ತಲೆಯಾಡಿಸಿದರು. ನಾನು ಲಂಗ ಉಟ್ಟುಕೊಂಡೇ ಹಿತ್ತಲಿಗೆ ಹೋಗಿ ಸಿಮೆಂಟಿನ ಖಾಲಿ ಚೀಲಗಳ ಮೇಲೆ ಕೂತು ಅತ್ತೆ. ಯಾರೂ ಹುಡುಕಿಕೊಂಡು ಬರಲಿಲ್ಲ.

ಅವತ್ತಿನಿಂದ ಹೊತ್ತಿದ ಕಿಚ್ಚು ಇದು. ಹೊಟ್ಟೆಕಿಚ್ಚಿಗೆ ಕಾರಣ ದೊಡ್ಡದೇ ಇರಬೇಕು ಅಂತೇನಿಲ್ಲ. ನನಗೆ ಚಹಾದ ಮೇಲೂ ಕಿಚ್ಚು. ರಕ್ತ ಏರಿಸಿದಂತೆಲ್ಲ ಮೈಯಲ್ಲಿ ಕಬ್ಬಿಣ ಸೇರುತ್ತದೆ, ಊಟದ ಜೊತೆ ಚಹಾ ಕುಡಿದರೆ ತಿಂದದ್ದರೊಳಗಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ಮೊಣಕಾಲುದ್ದದ ಹುಡುಗ ಊಟದ ತಾಟಿನ ಪಕ್ಕ ದೊಡ್ಡ ಮನುಷ್ಯನ ಹಾಗೆ ಚಹಾದ ಬಟ್ಟಲು ಇಟ್ಟುಕೊಂಡು ಸೊರ ಸೊರ ಹೀರುತ್ತಿದ್ದ. ನಾನು ಕೇಳಿದರೆ ಹುಡುಗಿಯರು ಚಹಾ ಕುಡಿದರೆ ಕಪ್ಪಗಾಗುತ್ತಾರೆ ಅನ್ನುತ್ತಿದ್ದಳು ಅವ್ವ. ಎಳ್ಳಮಾಸಿ ಹಬ್ಬಕ್ಕೆ ಹೊಲಕ್ಕೆ ಒಯ್ಯುವ ಕಾಳು, ಸೊಪ್ಪಿನ ಭಜ್ಜಿಯ ಮೊದಲ ಡಬ್ಬಿ ಹೋಗುತ್ತಿದ್ದುದು ಆಸ್ಪತ್ರೆಯ ವಾರ್ಡಿಗೆ. ನಾನು ಯಾವ ಕ್ಲಾಸಿನಲ್ಲಿದ್ದೇನೆ ಅಂತ ಯಾರಾದರೂ ಕೇಳಿದರೆ ಅವ್ವ ತಡವರಿಸುತ್ತಿದ್ದಳು. ಅವನ ರಕ್ತದಲ್ಲಿ ಏನೆಷ್ಟಿದೆ ಅನ್ನುವುದು ಮಾತ್ರ ಅವಳ ತುದಿನಾಲಿಗೆಯ ಮೇಲೆ ಇರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಿನ ಕಿಚ್ಚು ಆ ವಾರ್ಡಿನ ಮೇಲೆ. ಊರಿನ ಒಂದು ಆಸ್ಪತ್ರೆಯಲ್ಲಿ ಹಿಂದುಗಡೆ ಒಂದು ಉದ್ದನೆಯ ಕೋಣೆ. ಥಲಸೇಮಿಯಾದವರು, ಮೂತ್ರಪಿಂಡದ ತೊಂದರೆಯವರು, ಹೀಗೆ ವರ್ಷಗಟ್ಟಲೆ ಬಂದು ಹೋಗುವ ಮಕ್ಕಳಿಗೇ ಅದು. ಶಾಲೆ ಇಲ್ಲದ ದಿನ ಅವ್ವ ನನ್ನನ್ನೂ ಕರೆದೊಯ್ಯುತ್ತಿದ್ದಳು. ಜಡ್ಡಿಲ್ಲದ, ಗಟ್ಟಿಮುಟ್ಟಾದ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಹೊರಗಿನ ಬೇವಿನ ಮರದ ಕೆಳಗೆ ಕೂತು ಕಿಡಕಿಯಿಂದ ಬರುವ ಸಪ್ಪಳ ಕೇಳುತ್ತಿದ್ದೆ. ಒಳಗೆ ಅವ್ವ ಬೇರೆ ತಾಯಂದಿರ ಜೊತೆ ನಗುತ್ತಿದ್ದಳು. ಮನೆಯಲ್ಲಿ ಆ ನಗು ನಾನು ಕೇಳಿದ್ದೇ ಇಲ್ಲ. ದವಾಖಾನೆಯಲ್ಲಿ ನಗುವ, ಮನೆಯಲ್ಲಿ ಮುಖ ಗಂಟಿಕ್ಕುವ ಹೆಂಗಸನ್ನು ಯಾರಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ಅವಳೇ ನನ್ನನ್ನು ಹೆತ್ತದ್ದು.

ದೊಡ್ಡವಳಾಗಿ ಅಂಗಡಿ ನೋಡಿಕೊಳ್ಳಲು ಶುರು ಮಾಡಿದ ಮೇಲೂ ಹೆಚ್ಚೇನೂ ಬದಲಾಗಲಿಲ್ಲ. ಸಂಜೆ ಕೆಲಸ ಮುಗಿಸಿ, ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು, ಬಾಗಿಲ ಫರ್ಸಿಯನ್ನು ಠಕ್ ಅನ್ನಿಸಿ ಒಳಗೆ ಬರುತ್ತೇನೆ. ಕೈಕಾಲು ತೊಳೆದು ಅಡಿಗೆಮನೆಗೆ ಹೋಗುವ ಹೊತ್ತಿಗೆ ಜೋಳದ ರೊಟ್ಟಿ ಹಂಚಿನಿಂದ ಇಳಿದಿರುತ್ತದೆ. ತಾಟಿಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಅವ್ವ ಎದ್ದು ಬಿಡುತ್ತಾಳೆ. ಅವನ ಮಾತ್ರೆ ನೀರಿನಲ್ಲಿ ಕಲಸುವ ಹೊತ್ತು ಅದು. ಸುಡು ಸುಡು ರೊಟ್ಟಿಯನ್ನು ಒಬ್ಬಳೇ ಕೂತು ತಿನ್ನುತ್ತೇನೆ.

ಇಂಥ ನನಗೇ ಆ ವಾರ್ಡನ್ನು ಹೊಸದು ಮಾಡುವ ಕೆಲಸ ಸಿಕ್ಕಿತು. ಶಿವ ಕೆಲವೊಮ್ಮೆ ಹೀಗೇ ಚೇಷ್ಟೆ ಮಾಡುತ್ತಾನೆ.

ಊರಿನ ವ್ಯಾಪಾರಸ್ಥರು ನಾಲ್ಕಾರು ಮಂದಿ ಸೇರಿ ವಾರ್ಡನ್ನು ರಿಪೇರಿ ಮಾಡಿಸಿಕೊಡುವುದಾಗಿ ಒಪ್ಪಿಕೊಂಡಿದ್ದರು. ಅವರಿಗೆ ನೆಲಕ್ಕೆ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್ ಹಾಕಿಸುವ ಆಸೆ. ಹಿತ್ತಲ ಗಿಡ ಮದ್ದಲ್ಲ, ತಾಂಡೂರಿನ ಕಲ್ಲು ಇವರ ಕಣ್ಣಿಗೆ ಕಲ್ಲೇ ಅಲ್ಲ. ವಾರ್ಡಿನ ಹಿರಿಯ ಸಿಸ್ಟರು ಬೇಡ ಅಂದರಂತೆ. ಸಲೈನಿನ ಕಂಬ ತಳ್ಳಿಕೊಂಡು ಪಾಯಖಾನೆಗೆ ಓಡುವ ಮಕ್ಕಳು, ನೆಲ ಒದ್ದೆಯಾದರೆ ಜಾರಿ ಬೀಳುತ್ತಾರೆ ಅಂತ. ನಾನು ಒಂದು ಟೈಲ್ಸನ್ನೂ ಅರ್ಧ ಪಾಲಿಷ್ ಮಾಡಿದ ಒಂದು ಫರ್ಸಿಯನ್ನೂ ಒಯ್ದು ಅವರ ಅಂಗಳದಲ್ಲಿಟ್ಟು, ಎರಡರ ಮೇಲೂ ನೀರು ಸುರಿದು, ಅವರಲ್ಲಿ ಬಹಳ ಮಾತಾಡುತ್ತಿದ್ದ ಒಬ್ಬರಿಗೆ ಬರಿಗಾಲಲ್ಲಿ ನಡೆದು ತೋರಿಸಿ ಅಂದೆ. ಟೈಲ್ಸಿನ ಮೇಲೆ ಕಾಲಿಟ್ಟವರು ನನ್ನ ಭುಜ ಹಿಡಿದೇ ಉಳಿದುಕೊಂಡರು. ಕೆಲಸ ನನಗಾಯಿತು.

ಕೆಲಸ ಮುಗಿಯುವ ತನಕ ಮಕ್ಕಳನ್ನು ನಾರಾಯಣಖೇಡದ ಒಂದು ದವಾಖಾನೆಯ ಕೋಣೆಗೆ ಕಳಿಸಿದರು. ಅಲ್ಲಿ ನಮ್ಮ ಸೋದರಮಾವನ ಮನೆ ಇದೆ. ಅವ್ವ ಮೂಲತಃ ರಾಯಿಕೋಡ್ ಕಡೆಯವಳು, ಆದರೆ ಮಾವ ನಾರಾಯಣಖೇಡದಲ್ಲಿ ಅಂಗಡಿ ಇಟ್ಟಿದ್ದಾನೆ. ಅವ್ವ ತಮ್ಮನನ್ನು ಕರೆದುಕೊಂಡು ಸಾಮಾನು ಕಟ್ಟಿಕೊಂಡು ಹೋದಳು. ರೊಟ್ಟಿ ಮಾಡಿಕೊಂಡು ತಿನ್ನು, ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಹಾಕು, ಇಷ್ಟೇ ನನಗೆ ಹೇಳಿದ್ದು. ನನ್ನ ಕೆಲಸದ ಬಗ್ಗೆ ಒಂದು ಮಾತಿಲ್ಲ. ಬಸ್ಸು ಹೊರಟ ಮೇಲೆ ತಮ್ಮ ಕಿಡಕಿಯಿಂದ ಕೈ ಬೀಸಿದ, ನಾನು ಬೀಸಲಿಲ್ಲ.

ಖಾಲಿ ವಾರ್ಡಿನೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಆಮೇಲೆ. ಇಷ್ಟು ವರ್ಷ ಹೊರಗಿನಿಂದ ಕಿವಿಗೊಟ್ಟ ಕೋಣೆ ಇದೇನಾ ಅನ್ನಿಸಿತು. ಗೋಡೆಯ ಬಣ್ಣ ಹಕ್ಕಳೆ ಎದ್ದಿತ್ತು. ನೆಲದ ಹಳೆಯ ಫರ್ಸಿಗಳು ಒಡೆದು, ಸಂದುಗಳಲ್ಲಿ ಸಲೈನಿನ ಕಂಬದ ಗಾಲಿ ಸಿಕ್ಕಿಕೊಂಡ ಗುರುತುಗಳಿದ್ದವು. ತಾಯಂದಿರು ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಜಾಗ ಮಾತ್ರ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಅವ್ವ ಮಲಗುತ್ತಿದ್ದ ಜಾಗ ಯಾವುದು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಗೋಡೆಯ ಒಂದು ಮೂಲೆಯಲ್ಲಿ ಅವಳ ವಿಭೂತಿಯ ಬೆರಳ ಗುರುತು ಇತ್ತು. ನಮ್ಮ ಮನೆಯ ದೇವರ ಮಾಡದ ಗೋಡೆಯಲ್ಲೂ ಅಂಥದೇ ಗುರುತು ಇದೆ, ಇದು ಅದಕ್ಕಿಂತ ದಟ್ಟವಾಗಿತ್ತು. ಗೌಂಡಿಗೆ ಮೊದಲು ಆ ಮೂಲೆಯನ್ನೇ ಕೆರೆಯಲು ಹೇಳಿದೆ.

ಕೆಲಸದಲ್ಲಿ ಮಾತ್ರ ಮೋಸ ಮಾಡಲಿಲ್ಲ. ಕಿಚ್ಚು ಬೇರೆ, ಕಲ್ಲು ಬೇರೆ. ತಾಂಡೂರಿಗೆ ನಾನೇ ಹೋಗಿ, ಒಂದೊಂದು ಫರ್ಸಿಯನ್ನೂ ತಟ್ಟಿ ನೋಡಿ ಆರಿಸಿ ತಂದೆ. ನೀಲಿಯೇ ಇರಲಿ, ಮಕ್ಕಳ ಕಣ್ಣಿಗೆ ತಂಪು ಅಂತ. ಗಾಲಿ ಸಿಕ್ಕಿಕೊಳ್ಳದ ಹಾಗೆ ಸಂದುಗಳನ್ನು ಉಗುರು ಹೋಗದಷ್ಟು ಬಿಗಿಯಾಗಿ ಕೂಡಿಸಿದೆವು. ಗೋಡೆಯೂ ನೆಲವೂ ಸೇರುವ ಮೂಲೆಗಳನ್ನು ದುಂಡಗೆ ಮಾಡಿದೆವು, ಒರೆಸಿದರೆ ಕೊಳೆ ನಿಲ್ಲಬಾರದು. ಗೌಂಡಿಗಳು ಬೈದುಕೊಂಡರು. ಅಕ್ಕಾವ್ರಿಗೆ ಈ ಸಲ ಏನೋ ಹಿಡಿದದ ಅಂತ ನನ್ನ ಬೆನ್ನ ಹಿಂದೆ ಮಾತಾಡಿದ್ದೂ ಕೇಳಿಸಿತು. ಹಿಡಿದದ್ದೇನು ಅಂತ ನನಗೆ ಗೊತ್ತಿತ್ತು. ನಾನು ಹಾಸಿದ ಎಷ್ಟೋ ಮನೆಗಳಲ್ಲಿ ಒಂದನ್ನೂ ಅವ್ವ ಬಂದು ನೋಡಿರಲಿಲ್ಲ. ಕರೆದಾಗಲೆಲ್ಲ ರಕ್ತದ ದಿನ, ಇಲ್ಲವೇ ಅದರ ಹಿಂದಿನ ದಿನ, ಇಲ್ಲವೇ ಮಾರನೆಯ ದಿನ. ಈ ನೆಲವನ್ನಾದರೂ ಅವಳು ನೋಡಲೇಬೇಕು, ಬೇರೆ ದಾರಿಯೇ ಇಲ್ಲ. ಕಡೆಯ ಕಲ್ಲಿನ ಮೇಲೆ ನಾನೇ ನಿಲ್ಲಬೇಕು, ಅವ್ವ ಎದುರಿಗೆ ನಿಂತು ನೋಡಬೇಕು ಅಂತ ನಾನು ಗಟ್ಟಿ ಮಾಡಿಕೊಂಡಿದ್ದೆ. ಮೂಳೆ ಬಲಿತ ಹೆಂಗಸಿಗೆ ಇದೆಂಥ ಆಸೆ ಅನ್ನುವವರು ಅನ್ನಲಿ.

ಅದನ್ನು ಹೇಳುವುದಕ್ಕೇ ಒಂದು ದಿನ ನಾರಾಯಣಖೇಡಕ್ಕೆ ಹೋದೆ. ನೆಪಕ್ಕೆ ಸಲೈನಿನ ಕಂಬದ ಗಾಲಿಯ ಅಳತೆ ಬೇಕು ಅಂದೆ. ಕೋಣೆ ಇಕ್ಕಟ್ಟಾಗಿತ್ತು. ಅಲ್ಲಿಯ ನರ್ಸಮ್ಮ ನನ್ನನ್ನು ನೋಡಿದ್ದೇ ತಡ, ಜಹೀರಾಬಾದಿನವರಿಗೆ ಅರಮನೆ, ನಮಗೆ ಒಂದು ಸುಣ್ಣದ ಡಬ್ಬಿಯೂ ಇಲ್ಲ ಅಂತ ಗೊಣಗಿದಳು. ತಾಯಂದಿರೋ, ಕಿಡಕಿಯ ಪಕ್ಕದ ಮಂಚ ಯಾರಿಗೆ ಅಂತ ಆಗಲೇ ಜಗಳಕ್ಕೆ ಬಿದ್ದಿದ್ದರು. ತಮ್ಮನಿಗೆ ಬೇರೆಯದೇ ಸಂಕಟ. ಹದಿನೇಳು ತುಂಬುತ್ತಿದೆ, ನೋಡಿದರೆ ಹನ್ನೆರಡರವನ ಹಾಗೆ ಕಾಣುತ್ತಾನೆ, ನಾಲಿಗೆ ಮಾತ್ರ ಎಪ್ಪತ್ತರದು. ಮುಂದಿನ ವರ್ಷ ಅವನನ್ನು ದೊಡ್ಡವರ ವಾರ್ಡಿಗೆ ಕಳಿಸುತ್ತಾರೆ. ತಾನು ಸಣ್ಣವನಿದ್ದಾಗ ಒಡಕು ಫರ್ಸಿ, ತಾನು ಹೋಗುವ ಹೊತ್ತಿಗೆ ಹೊಸದು, ಈ ಸಣ್ಣ ಹುಡುಗರ ನಸೀಬು ನೋಡು ಅಂತ ಪಕ್ಕದ ಮಂಚದ ಕೂಸನ್ನು ದುರುಗುಟ್ಟಿ ನೋಡುತ್ತಿದ್ದ. ಪರವಾಗಿಲ್ಲ, ನಮ್ಮ ರಕ್ತವೂ ಒಂದಿಷ್ಟು ಇವನೊಳಗೆ ಉಳಿದಿದೆ ಅಂದುಕೊಂಡೆ.

ಅವ್ವ ಇತರ ಹೆಂಗಸರ ನಡುವೆ ಕೂತು ಯಾರದೋ ಮಗುವಿಗೆ ಜೋಲಿ ಕಟ್ಟುತ್ತಿದ್ದಳು. ಅದೇ ನಗು. ನನ್ನನ್ನು ಕಂಡು ನಗು ಆರಿತು. ಅಪ್ಪ ಉಂಡರಾ ಅಂತ ಕೇಳಿದಳು. ಆಮೇಲೆ ವಾರ್ಡಿನ ಮಾತು ಬಂತು ನೋಡಿ, ನಿಲ್ಲಿಸಲೇ ಇಲ್ಲ. ಕಿಡಕಿಯನ್ನು ಕೆಳಗೆ ತರಬೇಕು, ಮಲಗಿದ ಮಕ್ಕಳಿಗೆ ಬರೀ ಆಕಾಶ ಕಾಣುತ್ತದೆ, ಬೇವಿನ ಮರ ಕಾಣಬೇಕು. ಬೆಳೆದ ಹುಡುಗರಿಗೆ ನಾಚಿಕೆ, ಅವರ ಮಂಚಕ್ಕೆ ಪರದೆ ಬೇಕು. ಗೋಡೆಯುದ್ದಕ್ಕೂ ಒಂದು ಕಟ್ಟೆ ಕಟ್ಟಿದರೆ ತಾಯಂದಿರು ನೆಲದ ಮೇಲೆ ಮಲಗುವುದು ತಪ್ಪುತ್ತದೆ. ಎಲ್ಲವೂ ಸರಿಯಾದ ಮಾತೇ, ಎಲ್ಲವನ್ನೂ ಮಾಡಿದೆ. ಆದರೆ ಆ ಬೇವಿನ ಮರದ ಕೆಳಗೆ ಯಾರು ಕೂರುತ್ತಿದ್ದರು ಅನ್ನುವುದು ಅವಳಿಗೆ ನೆನಪಾದ ಹಾಗೆ ಕಾಣಲಿಲ್ಲ.

ಹೊರಡುವಾಗ ಬಸ್‌ಸ್ಟ್ಯಾಂಡಿನ ತನಕ ಬಂದಳು. ಕಡೆಯ ಕಲ್ಲಿನ ದಿನ ನೀನು ಬರಬೇಕು, ಒಬ್ಬಳೇ ಬರಬೇಕು ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅವನ್ನ ಬಿಟ್ಟು ಹೆಂಗ ಬರಲವ್ವಾ?" ಅಂದಳು.

ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಗರಿ ಹೊಲಗಳು ಹೂ ಬಿಟ್ಟು ನಿಂತಿದ್ದವು. ಒಂದನ್ನೂ ಸರಿಯಾಗಿ ನೋಡಲಿಲ್ಲ.

ಕಡೆಯ ಕಲ್ಲಿನ ದಿನ ಅವ್ವ ಒಬ್ಬಳೇ ಬರಲಿಲ್ಲ. ಇಡೀ ವಾರ್ಡೇ ಬಂತು. ನೆಲ ಮುಗಿಯಿತು ಅಂತ ಕೇಳಿ ಹಿರಿಯ ಸಿಸ್ಟರು ಒಂದು ವ್ಯಾನು ಮಾಡಿಸಿ, ಬರಲಾಗುವ ಮಕ್ಕಳನ್ನೂ ತಾಯಂದಿರನ್ನೂ ಕೂಡಿಸಿ ತಂದಿದ್ದರು. ನಾನು ಬಾಗಿಲ ಬಳಿ ಕಡೆಯ ಫರ್ಸಿ ಇಟ್ಟು, ಅರಿಶಿನ ಹಚ್ಚಿ, ಚಪ್ಪಲಿ ಬಿಟ್ಟು ನಿಂತಿದ್ದೆ. ನಮ್ಮ ಹಳೆಯ ಗೌಂಡಿ ಬಾಯಿ ಮುಚ್ಚಿಕೊಂಡು ಇರಬಾರದೇ? ತಾಂಡೂರಿನ ಪದ್ಧತಿಯನ್ನು ಸಿಸ್ಟರಿಗೆ ವಿವರಿಸಿದ. ಅವರಿಗೆ ಬಹಳ ಖುಷಿಯಾಯಿತು. ಹಾಗಾದರೆ ಈ ಮನೆಯ ಹಿರೇಮಗು ಯಾರು ಅಂತ ಕೇಳಿದರು. ಎಲ್ಲ ತಾಯಂದಿರೂ ಒಟ್ಟಿಗೆ ನನ್ನ ತಮ್ಮನ ಕಡೆ ತಿರುಗಿದರು. ಆ ವಾರ್ಡಿಗೆ ಎಲ್ಲರಿಗಿಂತ ಮೊದಲು ಬಂದವನು, ಎಲ್ಲರಿಗಿಂತ ದೊಡ್ಡವನು ಅವನೇ. ನಾನು ಹಿರೇಮಗಳಾದ ಮನೆಯಲ್ಲೂ ಅವನೇ ನಿಂತ, ಈಗ ಇಲ್ಲಿ ಪದ್ಧತಿಯೂ ಅವನ ಪಾಲಿಗೇ ಬಂದು ಬಿತ್ತು. ಅವ್ವ ಆಗಲೇ ಬಗ್ಗಿ ಅವನ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದಳು.

"ಇವಾ ಬ್ಯಾಡ. ನಾ ನಿಂದರ್ತೀನಿ," ಅಂದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡು ಯಾರೋ ನಕ್ಕರು. ಅವ್ವ ನಗಲಿಲ್ಲ. ಬಗ್ಗಿದವಳು ಹಾಗೇ ತಲೆಯೆತ್ತಿದಳು.

"ಹುಡುಗರ ಜಡ್ಡು ಕಲ್ಲಿಗೆ ಇಳೀಲಿ ಅಂತ ನಿಂದರಸೋದವ್ವಾ ಇದು. ಮನ್ಯಾಗೂ ಅದಕ್ಕೇ ಇವನ್ನ ನಿಂದರಸಿದ್ದೆ. ನಿನ್ನ ಮೈಯಾಗ ಇಳಸೋದು ಏನದ?"

ಪದ್ಧತಿಯಲ್ಲಿ ಅಂಥದೇನೂ ಇಲ್ಲ. ಹಿರೇಮಗು ನಿಲ್ಲಬೇಕು, ಅಷ್ಟೇ ಪದ್ಧತಿ. ಅದು ಅವ್ವ ತನ್ನ ಸಂಕಟಕ್ಕೆ ತಾನೇ ಕಟ್ಟಿಕೊಂಡ ನಂಬಿಕೆ. ಅವಳು ತಾಂಡೂರಿನವಳಲ್ಲ, ಕಲ್ಲಿನ ಪದ್ಧತಿ ಅವಳಿಗೆ ಅರ್ಧವೇ ಗೊತ್ತಿತ್ತು. ಈ ಕಾರಣವನ್ನು ಇಷ್ಟು ವರ್ಷದಲ್ಲಿ ಅವಳು ನನಗೆ ಒಂದು ಸಲವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳಿದ್ದರೆ ಕಿಚ್ಚು ಆರುತ್ತಿತ್ತೋ ಏನೋ, ಹೇಳಲಾರೆ. ಆ ಗಳಿಗೆಯಲ್ಲಂತೂ ಅದು ಇನ್ನೂ ಜೋರಾಗಿ ಹತ್ತಿತು. ಇಳಿಸುವುದು ಏನಿದೆ ಅಂತ ಕೇಳುತ್ತಾಳಲ್ಲ!

"ಅದ. ಹೊಟ್ಟಿಕಿಚ್ಚು ಅದ," ಅಂದೆ. "ಇವನ ಮ್ಯಾಲ, ಈ ವಾರ್ಡಿನ ಮ್ಯಾಲ, ಇಲ್ಲಿ ನೀ ನಗ್ತೀ ನೋಡು, ಆ ನಗೀ ಮ್ಯಾಲ. ಎಂಟು ವರ್ಷದಾಕಿ ಇದ್ದಾಗಿಂದ ಅದ."

ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅವ್ವನ ಕೈ ಇನ್ನೂ ಅವನ ಚಪ್ಪಲಿಯ ಮೇಲೇ ಇತ್ತು. ತಮ್ಮನೇ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಮತ್ತೆ ಚಪ್ಪಲಿ ಏರಿಸಿಕೊಂಡ. ತಾನು ಮುಂದಿನ ವರ್ಷ ಹೋಗುವವನು, ಪರರ ಮನೆಯ ಕಲ್ಲು ತನಗ್ಯಾಕೆ, ಅಕ್ಕನೇ ನಿಲ್ಲಲಿ ಅಂದ. ಅಂದು ನನ್ನ ಕಡೆ ನೋಡದೆ ಗೋಡೆಯ ಹೊಸ ಕಟ್ಟೆಯ ಮೇಲೆ ಹೋಗಿ ಕೂತ.

ನಾನು ನಿಂತೆ. ಅಂಗಾಲಿಗೆ ಕಲ್ಲು ತಣ್ಣಗಿತ್ತು. ಗಾರೆಯೊಳಗೆ ಅದು ಮೆಲ್ಲಗೆ, ನಾಲ್ಕೂ ಮೂಲೆಯಲ್ಲಿ ಒಂದೇ ಸಮನೆ ಇಳಿದು ಕೂತಿತು. ಎಷ್ಟು ಚೆನ್ನಾಗಿ ಕೂತಿತು ಅಂದರೆ ಗೌಂಡಿ ದಾರ ಹಿಡಿದು ನೋಡಿ ತಲೆದೂಗಿದ. ಅವ್ವ ಎದುರಿಗೆ ಇರಲಿಲ್ಲ. ಒಳಗೆ ಹೋಗಿ ಯಾವುದೋ ಮಂಚದ ಚಾದರ ಸರಿ ಮಾಡುತ್ತಿದ್ದಳು, ಬೆನ್ನು ನನ್ನ ಕಡೆಗಿತ್ತು. ಅಂದುಕೊಂಡದ್ದೆಲ್ಲ ನನ್ನದಾಯಿತು, ನೋಡಬೇಕಾದವಳೊಬ್ಬಳು ನೋಡಲಿಲ್ಲ. ಅರಿಶಿನದ ಕಾಲನ್ನು ಹಾಗೇ ಚಪ್ಪಲಿಯೊಳಗೆ ತುರುಕಿ ಹೊರಗೆ ಬಂದು ಬೇವಿನ ಮರದ ಕೆಳಗೆ ಸುತ್ತಿಗೆ, ಕೊಡತಿಗಳನ್ನು ಚೀಲಕ್ಕೆ ತುಂಬಿದೆ.

ಅವ್ವ, ತಮ್ಮ ಇಬ್ಬರೂ ಮಧ್ಯಾಹ್ನವೇ ಮನೆಗೆ ಹೋದರು. ನಾನು ಅಂಗಡಿಯಲ್ಲಿ ಸಂಜೆಯ ತನಕ ಕೂತೆ. ಮನೆಗೆ ಬಂದಾಗ ಕೈಯಲ್ಲಿ ಕಲ್ಲೆಬ್ಬಿಸುವ ಕಬ್ಬಿಣದ ಹಾರಿ ಇತ್ತು, ಚೀಲದಲ್ಲಿ ಒಂದಿಷ್ಟು ಗಾರೆ. ಒಂದು ಕಲ್ಲು ಕೂಡಿಸಿದ್ದಾಯಿತು, ಇದನ್ನೂ ಕೂಡಿಸಿ ಬಿಡೋಣ, ಈ ಠಕ್ ಠಕ್ ಇವತ್ತಿಗೆ ಸಾಯಲಿ ಅಂತ ನಿರ್ಧಾರ ಮಾಡಿಕೊಂಡೇ ಬಂದಿದ್ದೆ. ಕಲ್ಲಿನ ಮೇಲೆ ಕಾಲಿಡಲಿಲ್ಲ. ಬಾಗಿಲ ಹೊರಗೇ ಕುಕ್ಕರುಗಾಲಲ್ಲಿ ಕೂತು, ಎಬ್ಬಿಸಬಾರದ ಕಲ್ಲಿನ ಸಂದಿಗೆ ಹಾರಿ ಹಾಕಿದೆ. ಒಳಗೆ ಮಂಚದ ಮೇಲಿದ್ದ ಅಪ್ಪ ನೋಡಿದರು. ಆಮೇಲೆ ಅಡಿಗೆಮನೆಯ ಕಡೆ ನೋಡಿದರು.

ಹಾರಿಯ ಸಪ್ಪಳಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅದಕ್ಕ ಕೈ ಹಚ್ಚಬ್ಯಾಡ."

ಗೊತ್ತಿತ್ತು ನನಗೆ. ಮಗ ನಿಂತ ಕಲ್ಲು, ಎಬ್ಬಿಸಿದರೆ ಅವನ ಜಡ್ಡು ವಾಪಸ್ ಬರುತ್ತದೆ, ಅಲ್ಲವೇ! ನಿನ್ನ ಮಗನ ಕಲ್ಲು ನಿನಗೇ ಇರಲಿ ಅಂತ ಹಾರಿಯನ್ನು ಎಳೆದುಕೊಂಡೆ. ಮಾತು ಇನ್ನೂ ಗಡುಸಾಗಿ ಬಂದಿರಬೇಕು, ಅಪ್ಪ ಎದ್ದು ಕೂತರು.

ಅವ್ವ ಹೊಸ್ತಿಲ ಆಚೆ ನನ್ನೆದುರು ಕೂತಳು. ಕಲ್ಲು ನಮ್ಮಿಬ್ಬರ ನಡುವೆ ಇತ್ತು.

"ಅವನಂದಲ್ಲ ಅದು," ಅಂದಳು. "ಇದರ ಮ್ಯಾಲ ನೀ ಒಬ್ಬಾಕಿನೇ ಕಾಲಿಡತಿ. ಠಕ್ ಅಂದ್ರ ನೀ ಬಂದಿ ಅಂತ ನನಗ ಒಳಗ ಗೊತ್ತಾಗ್ತದ. ಆವಾಗ ನಿನ್ನ ರೊಟ್ಟಿ ಹಂಚಿಗಿ ಹಾಕ್ತೀನಿ. ನಿಮ್ಮಪ್ಪ ಎಷ್ಟು ಸಲ ಕೂಡಸಾಕ ಹ್ವಾದ್ರು, ನಾನೇ ಬ್ಯಾಡ ಅಂದೀನಿ."

ಅಪ್ಪ ಮಂಚದ ಮೇಲಿಂದ ಹೌದು ಅನ್ನುವಂತೆ ತಲೆಯಾಡಿಸಿದರು. ಇಷ್ಟು ವರ್ಷ ತಿಂದ ಬಿಸಿ ರೊಟ್ಟಿಗಳು ನೆನಪಾದವು. ಎಷ್ಟು ಹೊತ್ತಿಗೆ ಬಂದರೂ ಬಿಸಿಯೇ. ಆರಿದ ರೊಟ್ಟಿ ನನ್ನ ತಾಟಿಗೆ ಬಿದ್ದದ್ದು ನೆನಪೇ ಇಲ್ಲ. ಅವ್ವ ಇನ್ನೇನಾದರೂ ಹೇಳುತ್ತಾಳೆಯೇ ಅಂತ ಕಾದೆ. ಹಿಟ್ಟು ಆರುತ್ತದೆ ಅಂತ ಎದ್ದು ಹೋದಳು.

ಅಷ್ಟರಲ್ಲಿ ತಮ್ಮ ಓಣಿಯಿಂದ ಬಂದ. ಕಲ್ಲನ್ನೂ ಹಾರಿಯನ್ನೂ ನನ್ನನ್ನೂ ನೋಡಿ, ಎಂದೂ ಇಲ್ಲದವನು ಅವತ್ತು ಬೇಕಂತಲೇ ಆ ಫರ್ಸಿಯ ಮೇಲೆ ಕಾಲಿಟ್ಟ. ಠಕ್ ಅಂತು. ಒಳಗಿನಿಂದ ಅವ್ವನ ದನಿ ಬಂತು.

"ನೀ ದಾಟಿ ಬಾರೋ ಅಪ್ಪಾ. ಅದು ನಿಮ್ಮಕ್ಕಂದು."

ಅವನ ಮುಖ ನೋಡಬೇಕಾಗಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಇಷ್ಟು ವರ್ಷ ಆ ಕಿಚ್ಚಿನ ಮುಖ ಹೊತ್ತು ತಿರುಗಿದವಳು ನಾನೇ. ಕಾಲು ತೆಗೆದು, ಗೊಣಗುತ್ತ ಒಳಗೆ ಹೋದ.

ನಾನು ಹಾರಿಯನ್ನು ಗೋಡೆಗೆ ಒರಗಿಸಿದೆ. ಅಂಗಳದ ತನಕ ಹೋಗಿ, ಆಗತಾನೆ ಕೆಲಸದಿಂದ ಬಂದವಳ ಹಾಗೆ ತಿರುಗಿ ಬಂದು, ಮೈಭಾರವನ್ನೆಲ್ಲ ಬಿಟ್ಟು ಆ ಕಲ್ಲಿನ ಮೇಲೆ ಕಾಲಿಟ್ಟೆ. ಒಳಗೆ ಹಂಚಿನ ಮೇಲೆ ರೊಟ್ಟಿ ಬಿದ್ದ ಸಪ್ಪಳ ಕೇಳಿಸಿತು.